ಮೆಲುಕಿನ ಪಾಠ, ಮೀಥೇನಿನ ಲೆಕ್ಕ

ಮೇದು ಬಂದ ಕುರಿ, ದನ, ಎಮ್ಮೆಗಳು ನೆರಳಲ್ಲಿ ಮಲಗಿ ಮೆಲುಕು ಹಾಕುವುದನ್ನು ಆಂಧ್ರಪ್ರದೇಶದ ಪರಿಗಿ ಸೀಮೆಯ ಮಕ್ಕಳಿಗೆ ಯಾರೂ ತೋರಿಸಿಕೊಡಬೇಕಿಲ್ಲ. ಜಯಮಂಗಲಿ ನದಿ ಉತ್ತರ ಪಿನಾಕಿನಿಯನ್ನು ಕೂಡುವ ಈ ಭಾಗದಲ್ಲಿ ಮಳೆ ಕಡಿಮೆ. ಕಡಲೆಕಾಯಿ ಕೈಕೊಟ್ಟ ವರ್ಷ ಎಷ್ಟೋ ಮನೆಗಳನ್ನು ನಡೆಸುವುದು ಕುರಿ ಮತ್ತು ಹಾಲು. ಹವಾಮಾನ ಬದಲಾವಣೆಯ ಪಾಠ ಇಂಥ ಊರಿನ ಶಾಲೆಯಲ್ಲಿ ಧ್ರುವಪ್ರದೇಶದ ಹಿಮಕರಡಿಯಿಂದ ಶುರುವಾಗುವುದಕ್ಕಿಂತ ಹಟ್ಟಿಯಿಂದ ಶುರುವಾಗುವುದೇ ಮೇಲು.

ಶಾಲೆಗಳಲ್ಲಿ ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1991ರಲ್ಲಿ, ಎಂ. ಸಿ. ಮೆಹ್ತಾ ಮೊಕದ್ದಮೆಯಲ್ಲಿ. ಮೂವತ್ತು ವರ್ಷದ ಮೇಲೆ, 2021ರಲ್ಲಿ, ಯುನೆಸ್ಕೊ ನೂರು ದೇಶಗಳ ಪಠ್ಯಕ್ರಮದ ಚೌಕಟ್ಟುಗಳನ್ನು ನೋಡಿದಾಗ ಶೇ. 47ರಷ್ಟರಲ್ಲಿ ಹವಾಮಾನ ಬದಲಾವಣೆಯ ಹೆಸರೇ ಇರಲಿಲ್ಲ.

ಹಟ್ಟಿಯ ಪಾಠ ಮೆಲುಕಿನಿಂದಲೇ ಶುರುವಾಗಬಹುದು. ಹುಲ್ಲಿನ ನಾರನ್ನು ಅರಗಿಸುವ ಶಕ್ತಿ ದನಕ್ಕೆ ಸ್ವಂತದ್ದಲ್ಲ. ಆ ಕೆಲಸ ಅದರ ಮೊದಲ ಹೊಟ್ಟೆಯಲ್ಲಿ ಬೀಡುಬಿಟ್ಟಿರುವ ಕೋಟ್ಯಂತರ ಸೂಕ್ಷ್ಮಜೀವಿಗಳದ್ದು. ಗಾಳಿಯಾಡದ ಆ ಕತ್ತಲಲ್ಲಿ ಅವು ನಾರನ್ನು ಒಡೆದು ದನಕ್ಕೆ ಬೇಕಾದ ಆಮ್ಲಗಳನ್ನು ಕೊಡುತ್ತವೆ. ಜೊತೆಗೆ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತವೆ. ಹೈಡ್ರೋಜನ್ ತುಂಬಿಕೊಂಡರೆ ಹುದುಗುವಿಕೆಯೇ ನಿಧಾನವಾಗುತ್ತದೆ. ಅದನ್ನು ತೆರವು ಮಾಡುವವು ಆರ್ಕಿಯಾ ಎಂಬ ಜೀವಿಗಳು. ಅವು ಬ್ಯಾಕ್ಟೀರಿಯಾಗಳಲ್ಲ, ಬೇರೆಯೇ ವಂಶದವು ಎಂದು 1977ರಲ್ಲಿ ಗುರುತಿಸಿದವರು ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್. ಆರ್ಕಿಯಾ ಈ ಎರಡು ಅನಿಲಗಳನ್ನು ಬೆಸೆದು ಮೀಥೇನ್ ಮಾಡುತ್ತವೆ. ದನ ಅದನ್ನು ತೇಗಿ ಹೊರಹಾಕುತ್ತದೆ. ಮೀಥೇನ್ ಹೋಗುವುದು ಬಹುಪಾಲು ಬಾಯಿಂದಲೇ, ಹಿಂದಿನಿಂದಲ್ಲ.

ಗೋಬರ್ ಗ್ಯಾಸ್ ಕಂಡ ಮಗುವಿಗೆ ಇದು ತಟ್ಟನೆ ಹೊಳೆಯುತ್ತದೆ. ಸಗಣಿ ಗುಂಡಿಯ ಒಳಗೂ ಗಾಳಿಯಿಲ್ಲ, ಅಲ್ಲಿಯೂ ಆರ್ಕಿಯಾಗಳದ್ದೇ ಕೆಲಸ, ಒಲೆಯಲ್ಲಿ ನೀಲಿಯಾಗಿ ಉರಿಯುವುದೂ ಮೀಥೇನೇ. ದನದ ಹೊಟ್ಟೆ ನಡೆದಾಡುವ ಗೋಬರ್ ಗ್ಯಾಸ್ ಗುಂಡಿ. ಕೊಳವೆ ಮಾತ್ರ ಒಲೆಗೆ ಹೋಗದೆ ಆಕಾಶಕ್ಕೆ ತೆರೆದಿದೆ. ಕುಣಿಗಲ್ ತಾಲೂಕಿನ ಪುರ ಗ್ರಾಮದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡ ಊರ ಸಗಣಿಯನ್ನೆಲ್ಲ ಒಂದೆಡೆ ಸೇರಿಸಿ, ಆ ಅನಿಲದಿಂದ ಎಂಜಿನ್ ಓಡಿಸಿ, 1987ರಿಂದ ಮನೆಮನೆಗೆ ಕುಡಿಯುವ ನೀರು, ದೀಪ ಕೊಟ್ಟಿತು. ತಂಡ ಕಟ್ಟಿದವರು ಅಮೂಲ್ಯ ರೆಡ್ಡಿ. ಮೀಥೇನ್ ಪಾಠಕ್ಕೆ ಇದಕ್ಕಿಂತ ಹತ್ತಿರದ, ಇದಕ್ಕಿಂತ ಚೆಂದದ ಉದಾಹರಣೆ ಸಿಗುವುದು ಕಷ್ಟ.

ಆಕಾಶಕ್ಕೆ ಹೋದ ಮೀಥೇನ್ ಭೂಮಿಯನ್ನು ಬಿಸಿಮಾಡುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ ಸುಮಾರು 28 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿಯೇರಿಸುತ್ತದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2006ರ ಮಾರ್ಗಸೂಚಿಯಂತೆ ಒಂದು ಕುರಿ ವರ್ಷಕ್ಕೆ 5 ಕಿಲೋ ಮೀಥೇನ್ ಬಿಡುತ್ತದೆ. ಐವತ್ತು ಕುರಿಯ ಮಂದೆಗೆ 250 ಕಿಲೋ. ಅಂದರೆ 7 ಟನ್ ಡೈಆಕ್ಸೈಡಿಗೆ, ಸುಮಾರು 3,000 ಲೀಟರ್ ಪೆಟ್ರೋಲ್ ಸುಟ್ಟಿದ್ದಕ್ಕೆ ಸಮ. ಗುಣಾಕಾರ ಬಲ್ಲ ಯಾವ ವಿದ್ಯಾರ್ಥಿಯೂ ಮಾಡಬಹುದಾದ ಲೆಕ್ಕವಿದು.

ಆದರೆ ಪಾಠ ಇಲ್ಲಿಗೇ ನಿಂತರೆ ಕುರಿಗಾಹಿಯ ಮಗ ತನ್ನಪ್ಪನನ್ನೇ ತಪ್ಪಿತಸ್ಥನೆಂದುಕೊಂಡು ಮನೆಗೆ ಹೋಗುತ್ತಾನೆ. ಅದು ಅನ್ಯಾಯ, ಅರ್ಧ ವಿಜ್ಞಾನ ಕೂಡ. ಪೆಟ್ರೋಲಿನ ಇಂಗಾಲ ಕೋಟ್ಯಂತರ ವರ್ಷ ನೆಲದಡಿ ಹುದುಗಿದ್ದದ್ದು. ಕುರಿಯ ಮೀಥೇನಿನ ಇಂಗಾಲ ಮೊನ್ನೆಯ ಮಳೆಗೆ ಚಿಗುರಿದ ಹುಲ್ಲಿನದು. ಹನ್ನೆರಡು ವರ್ಷದ ಆಸುಪಾಸಿನಲ್ಲಿ ಮೀಥೇನ್ ಕರಗಿ, ಆ ಇಂಗಾಲ ಮತ್ತೆ ಹುಲ್ಲಿಗೆ ಸಿಗುತ್ತದೆ. ಮಂದೆಗಳ ಸಂಖ್ಯೆ ಏರದಿದ್ದರೆ ಗಾಳಿಯಲ್ಲಿ ಅವುಗಳ ಮೀಥೇನೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ.

ಹಾಲಿನ ಲೆಕ್ಕ ಇನ್ನೂ ಸೂಕ್ಷ್ಮ. ಅದೇ ಮಾರ್ಗಸೂಚಿಯಲ್ಲಿ ಭಾರತದ ಕಡೆಯ ಹಾಲಿನ ಹಸುವಿಗೆ ವರ್ಷಕ್ಕೆ 58 ಕಿಲೋ ಮೀಥೇನ್, ಉತ್ತರ ಅಮೆರಿಕದ್ದಕ್ಕೆ 128. ಆದರೆ ನಮ್ಮದು ಕೊಡುವುದು 900 ಕಿಲೋ ಹಾಲು, ಅದು 8,400. ಕಿಲೋ ಹಾಲಿಗೆ ಹಂಚಿದರೆ ನಮ್ಮ ಹಸುವಿನದು 64 ಗ್ರಾಂ, ಅಲ್ಲಿಯದು 15. ಆದರೆ ಇಲ್ಲಿಯ ಹಸು ಗೊಬ್ಬರವನ್ನೂ ಹೋರಿಯನ್ನೂ ಕೊಡುತ್ತದೆ, ಅದು ಈ ಭಾಗಾಕಾರದೊಳಗೆ ಬಂದಿಲ್ಲ. ಎರಡನ್ನೂ ಮಕ್ಕಳ ಮುಂದಿಡಬೇಕು.

ತೇಗಿನಲ್ಲಿ ಮೇವಿನ ಶಕ್ತಿಯ ಸುಮಾರು ಶೇ. 6 ಪೋಲಾಗುತ್ತದೆ, ಆದ್ದರಿಂದ ಮೀಥೇನ್ ತಗ್ಗಿಸಿದರೆ ರೈತನಿಗೂ ಲಾಭವಾಗಬಹುದು. ಬೆಂಗಳೂರಿನ ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಟ್ಯಾನಿನ್ ಇರುವ ಸಸ್ಯಗಳಿಂದ ‘ಹರಿತ್ ಧಾರಾ’ ಎಂಬ ಪೂರಕ ಆಹಾರ ಮಾಡಿದೆ. ಅದು ಮೀಥೇನನ್ನು ಶೇ. 17ರಿಂದ 20ರಷ್ಟು ಇಳಿಸುತ್ತದೆ ಎನ್ನುತ್ತಾರೆ. ಕೊಟ್ಟಿಗೆಯ ಹಸುವಿಗೆ ಅದನ್ನು ಬೂಸಾ, ಹಿಂಡಿಯ ಜೊತೆ ಕಲಸಿಡಬಹುದು. ದಿನವಿಡೀ ಬಯಲಲ್ಲಿ ಮೇಯುವ ಕುರಿಗೆ ತಿನ್ನಿಸುವುದು ಅಷ್ಟು ಸುಲಭವಲ್ಲ.