ಜಾಲಹಳ್ಳಿಯಿಂದ ಆಗುಂಬೆಗೆ

1954ರಲ್ಲಿ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಶುರುವಾದಾಗ ಅದಕ್ಕೆ ಗಿರಾಕಿ ಹುಡುಕುವ ತಾಪತ್ರಯ ಇರಲಿಲ್ಲ. ಸೇನೆಗೆ ವೈರ್‌ಲೆಸ್ ಸೆಟ್ ಬೇಕಿತ್ತು, ಬಿಇಎಲ್ ಹುಟ್ಟಿದ್ದೇ ಅದಕ್ಕೆ. ಅದಕ್ಕೂ ಆರು ವರ್ಷ ಮೊದಲು ಕೃಷ್ಣರಾಜಪುರದ ಬಳಿ ಶುರುವಾದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕೂಡ ಹಾಗೆಯೇ. ಅದು ಮಾಡಿದ ಟೆಲಿಫೋನನ್ನು ಅಂಚೆ ಮತ್ತು ತಂತಿ ಇಲಾಖೆ ತೆಗೆದುಕೊಳ್ಳುತ್ತಿತ್ತು. ಬೆಂಗಳೂರು ಚಿಪ್ ವಿನ್ಯಾಸದ ಊರಾದ ಕಥೆಯನ್ನು ಸಾಮಾನ್ಯವಾಗಿ 1985ರಿಂದ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಲ್ಲಿಂದ ಹೇಳುತ್ತಾರೆ. ನಾನು ಈ ಎರಡು ಕಾರ್ಖಾನೆಗಳಿಂದ ಹೊರಡುತ್ತೇನೆ. ಮುಂದಿನ ಎಪ್ಪತ್ತು ವರ್ಷಗಳಲ್ಲಿ ಈ ಊರಿನ ಎಲೆಕ್ಟ್ರಾನಿಕ್ಸ್ ಎಲ್ಲೆಲ್ಲಿ ಒಂದು ಹೆಜ್ಜೆ ಮುಂದಿಟ್ಟಿತೋ ಅಲ್ಲೆಲ್ಲ ಕೊಳ್ಳುವವನು ಮೊದಲೇ ಬಂದು ನಿಂತಿದ್ದ. ಮುಗ್ಗರಿಸಿದ ಕಡೆ ಅವನಿರಲಿಲ್ಲ.

ಹಾಗೆ ನೋಡಿದರೆ ಈ ಮಾತು ಶಿವನಸಮುದ್ರದ ವಿದ್ಯುತ್ ಕೇಂದ್ರಕ್ಕೂ ಸಲ್ಲುತ್ತದೆ. 1902ರಲ್ಲಿ ಕಾವೇರಿಯ ಕರೆಂಟು ಮೊದಲು ಹರಿದದ್ದು ಬೆಂಗಳೂರಿಗಲ್ಲ, ಕೋಲಾರದ ಚಿನ್ನದ ಗಣಿಗೆ. ದುಡ್ಡು ಕೊಟ್ಟು ಕೊಳ್ಳುವ ಗಣಿ ಕಂಪನಿ ಇತ್ತೆಂದೇ ಅಷ್ಟು ದೂರ ತಂತಿ ಎಳೆದರು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ. ಆಮೇಲೆ ಒಂದರ ಹಿಂದೊಂದು ಬಂದವು: 1909ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್), 1917ರಲ್ಲಿ ವಿಶ್ವೇಶ್ವರಯ್ಯನವರ ಎಂಜಿನಿಯರಿಂಗ್ ಕಾಲೇಜು, 1940ರಲ್ಲಿ ವಿಮಾನ ಕಾರ್ಖಾನೆ. ಕಲಿಸುವ ಜಾಗ, ಕಲಿತವರಿಗೆ ಕೆಲಸ ಕೊಡುವ ಜಾಗ ಎರಡೂ ಒಂದೇ ಊರಿನಲ್ಲಿ ಕೂಡಿದವು. ಹವೆ ಚೆನ್ನಾಗಿತ್ತು ಎನ್ನುವ ಕಾರಣವನ್ನು ಎಲ್ಲರೂ ಕೊಡುತ್ತಾರೆ. ಹವೆ ಚೆನ್ನಾಗಿರುವ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ.

ಎರಡನೇ ಮಹಾಯುದ್ಧದಲ್ಲಿ ಇಟಲಿಯ ಸೆರೆಯಾಳುಗಳನ್ನು ಇರಿಸಿದ್ದ ಜಾಲಹಳ್ಳಿಯಲ್ಲಿ ಫ್ರಾನ್ಸಿನ ಸಿಎಸ್‌ಎಫ್ ಕಂಪನಿಯ ನೆರವಿನಿಂದ ಎದ್ದ ಬಿಇಎಲ್, 1960ರ ದಶಕದಲ್ಲಿ ರೇಡಿಯೊ ವಾಲ್ವ್‌ಗಳನ್ನೂ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳನ್ನೂ ಮಾಡತೊಡಗಿತು. ಆಗ ಅದಕ್ಕೆ ಸೇನೆಯ ಜೊತೆಗೆ ಇನ್ನೊಬ್ಬ ದೊಡ್ಡ ಗಿರಾಕಿ ಸಿಕ್ಕ, ಮನೆಮನೆಯ ರೇಡಿಯೊ. ಈ ಜಾಲಹಳ್ಳಿಯಲ್ಲಿ, ಬಿಇಎಲ್ ಅಧಿಕಾರಿಯೊಬ್ಬರ ಮನೆಯಲ್ಲಿ ಬೆಳೆದ ಹುಡುಗ ಜಯಂತ್ ಬಾಳಿಗಾ ಮುಂದೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸೇರಿ ಐಜಿಬಿಟಿ ಎಂಬ ಸಾಧನವನ್ನು ರೂಪಿಸಿದರು. ಇವತ್ತು ಎಲೆಕ್ಟ್ರಿಕ್ ಕಾರು, ರೈಲು, ಇಂಡಕ್ಷನ್ ಒಲೆ ಎಲ್ಲದರಲ್ಲೂ ವಿದ್ಯುತ್ತಿಗೆ ಲಗಾಮು ಹಾಕುವುದು ಅದೇ. 2024ರ ಮಿಲೇನಿಯಂ ತಂತ್ರಜ್ಞಾನ ಪ್ರಶಸ್ತಿ ಅವರಿಗೆ ಸಂದಿತು. ಹುಡುಗ ಇಲ್ಲಿಯವನು, ಸಾಧನ ಅಲ್ಲಿಯದು. ಈ ವಿಂಗಡಣೆ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ.

ಇಸ್ರೊ ಕೂಡ ಗಿರಾಕಿಯೇ. ಉಡುಪಿ ಕಡೆಯ ಯು.ಆರ್. ರಾವ್ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಹುಡುಗರ ತಂಡ ಕಟ್ಟಿಕೊಂಡು ಇಸ್ರೊದ ‘ಆರ್ಯಭಟ’ ಉಪಗ್ರಹ ಮಾಡಿದರು. 1975ರ ಏಪ್ರಿಲ್‌ನಲ್ಲಿ ಅದು ಕಕ್ಷೆ ಸೇರಿತು. ಆ ಬಳಿಕ ಇಸ್ರೊಗೆ ಭಾಗ ಮಾಡಿಕೊಡುವ ಪೀಣ್ಯ, ರಾಜಾಜಿನಗರದ ಸಣ್ಣ ವರ್ಕ್‌ಶಾಪುಗಳಿಗೆ ಒಂದು ಹೊಸ ಶಿಸ್ತು ಬಂತು. ಉಪಗ್ರಹಕ್ಕೆ ಹೋಗುವ ಭಾಗದಲ್ಲಿ ‘ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬ ಮಾತು ನಡೆಯುವುದಿಲ್ಲ.

1976ರಲ್ಲಿ, ದೇವರಾಜ ಅರಸರ ಕಾಲದಲ್ಲಿ, ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್ ಹುಟ್ಟಿತು. ಅದರ ಮುಖ್ಯಸ್ಥ ಆರ್.ಕೆ. ಬಾಳಿಗಾ ಹೊಸೂರು ರಸ್ತೆಯ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳಲ್ಲಿ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ ಕಟ್ಟಲು ಹೊರಟರು. ಇದು 1978ರ ಮಾತು. ತೈವಾನಿನ ಹೆಸರಾಂತ ಷಿನ್‌ಚು ವಿಜ್ಞಾನ ಪಾರ್ಕ್ ಬಾಗಿಲು ತೆರೆದದ್ದು 1980ರಲ್ಲಿ, ನಮ್ಮ ನಂತರ. ಆದರೆ ತೈವಾನ್ ಸರ್ಕಾರ ಜಾಗ ಕೊಟ್ಟು ಸುಮ್ಮನಾಗಲಿಲ್ಲ. 1976ರಲ್ಲೇ ಅಮೆರಿಕದ ಆರ್‌ಸಿಎ ಕಂಪನಿಯಿಂದ ತಂತ್ರಜ್ಞಾನ ಕೊಂಡು, ತನ್ನ ಎಂಜಿನಿಯರುಗಳನ್ನು ಅಲ್ಲಿಗೆ ಕಲಿಯಲು ಕಳಿಸಿ, ಸರ್ಕಾರಿ ಸಂಶೋಧನಾ ಸಂಸ್ಥೆಯಲ್ಲಿ ಡಿಜಿಟಲ್ ಕೈಗಡಿಯಾರದ ಚಿಪ್ ಮಾಡಿಸಿತು. ಕೈಗಡಿಯಾರಕ್ಕೆ ಜಗತ್ತಿನಾದ್ಯಂತ ಕೊಳ್ಳುವವರಿದ್ದರು. ಆ ಸಂಸ್ಥೆಯ ಹೊಟ್ಟೆಯಿಂದ 1980ರಲ್ಲಿ ಯುಎಂಸಿ, 1987ರಲ್ಲಿ ಟಿಎಸ್‌ಎಂಸಿ ಹೊರಬಂದವು. ನಮ್ಮ ಕೇಂದ್ರ ಸರ್ಕಾರವೂ ಚಿಪ್ ಕಾರ್ಖಾನೆ ಕಟ್ಟಿತು, ಬೆಂಗಳೂರಿನಲ್ಲಲ್ಲ, ಪಂಜಾಬಿನ ಮೊಹಾಲಿಯಲ್ಲಿ. 1989ರ ಫೆಬ್ರುವರಿಯಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಮತ್ತೆ ಕಟ್ಟಿ ನಿಲ್ಲಿಸುವಷ್ಟರಲ್ಲಿ ಜಗತ್ತು ಎಷ್ಟೋ ಮುಂದೆ ಹೋಗಿತ್ತು. ಎಲೆಕ್ಟ್ರಾನಿಕ್ಸ್ ಸಿಟಿಗಾದರೋ ಹೆಸರು ತಂದದ್ದು ಎಲೆಕ್ಟ್ರಾನಿಕ್ಸ್ ಅಲ್ಲ, ಸಾಫ್ಟ್‌ವೇರ್. ಅದನ್ನು ನೋಡುವುದಕ್ಕೆ ಆರ್.ಕೆ. ಬಾಳಿಗಾ ಇರಲಿಲ್ಲ, 1988ರಲ್ಲಿ ತೀರಿಕೊಂಡರು.

ಇನ್ನು 1985. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ಕಚೇರಿ ತೆರೆಯಿತು. ವಿದೇಶಿ ಕಂಪನಿಯೊಂದು ತನಗಾಗಿಯೇ ಉಪಗ್ರಹ ಸಂಪರ್ಕ ಪಡೆಯುವುದೆಂದರೆ ಆಗ ದೆಹಲಿಯಲ್ಲಿ ಎಷ್ಟು ಕಡತ ಸರಿಯಬೇಕಿತ್ತೆಂದು ಯೋಚಿಸಿ. ಡಿಶ್ ಆಂಟೆನಾ ಬಂದದ್ದು ಎತ್ತಿನ ಗಾಡಿಯ ಮೇಲೆ, ಆ ಫೋಟೊ ಪ್ರಸಿದ್ಧ. ಅದಕ್ಕೆ ನಾಲ್ಕು ವರ್ಷ ಮೊದಲು ಇಸ್ರೊ ತನ್ನ ‘ಆ್ಯಪಲ್’ ಉಪಗ್ರಹವನ್ನೂ ಎತ್ತಿನ ಗಾಡಿಯ ಮೇಲಿಟ್ಟಿತ್ತು. ಆ ಚಿತ್ರ ನೋಡಿ ನಮ್ಮ ಬಡತನವೆಂದು ಮರುಗುವವರಿದ್ದಾರೆ. ಆಂಟೆನಾ ಪರೀಕ್ಷೆಗೆ ಸುತ್ತ ಲೋಹ ಇರಬಾರದಿತ್ತು, ಮರದ ಗಾಡಿ ಅದಕ್ಕೆ ಹೇಳಿ ಮಾಡಿಸಿದಂತಿತ್ತು, ಅಷ್ಟೇ.

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಆ ಡಿಶ್ ಮಾಡಿದ್ದೇನು? ಚಿಪ್ಪಿನ ಕೆಲಸವನ್ನು ಎರಡು ಹೋಳು ಮಾಡಿತು. ಮನೆಯ ನಕ್ಷೆ ಬರೆಯುವವರು ಒಂದೂರಲ್ಲಿದ್ದು, ಗಾರೆ ಕೆಲಸದವರು ಇನ್ನೊಂದೂರಲ್ಲಿ ಇರುವ ಹಾಗೆ. ಚಿಪ್ ಏನು ಮಾಡಬೇಕೆಂಬುದನ್ನು ಎಂಜಿನಿಯರುಗಳು ಕೋಡ್ ರೂಪದಲ್ಲಿ ಬರೆಯುತ್ತಾರೆ. ಬರೆದದ್ದು ಸರಿಯೇ ಎಂದು ಪರೀಕ್ಷಿಸುವ ವೆರಿಫಿಕೇಶನ್ ತಂಡ ಬರೆದವರಿಗಿಂತ ದೊಡ್ಡದಾಗಿರುವುದೇ ಹೆಚ್ಚು. ಆಮೇಲೆ ಲೇಔಟ್. ಕೋಟಿಗಟ್ಟಲೆ ಟ್ರಾನ್ಸಿಸ್ಟರ್‌ಗಳನ್ನು ಉಗುರಿನಗಲದ ಸಿಲಿಕಾನ್ ಮೇಲೆ ಎಲ್ಲೆಲ್ಲಿ ಕೂರಿಸಬೇಕೆಂಬ ನಿರ್ಧಾರ. ಕೊನೆಗೆ ಇಡೀ ನಕ್ಷೆಯನ್ನು ಚಿಪ್ ತಯಾರಿಸುವ ಕಾರ್ಖಾನೆಗೆ, ಅಂದರೆ ಫೌಂಡ್ರಿಗೆ ಕಳಿಸುತ್ತಾರೆ. ಅದಕ್ಕೆ ‘ಟೇಪ್‌ಔಟ್’ ಎನ್ನುತ್ತಾರೆ. ಚಿಪ್ ಮಾಡಿ ಕಳಿಸಲು ಫೌಂಡ್ರಿಗೆ ತಿಂಗಳುಗಳೇ ಬೇಕು. ಬಂದ ಮೇಲೆ ತಪ್ಪು ಕಂಡರೆ ಸಿಲಿಕಾನ್ ಮೇಲೆ ನಕ್ಷೆ ಮೂಡಿಸುವ ಮಾಸ್ಕ್‌ಗಳಿಗೆ ಸುರಿದ ಕೋಟಿಗಳು ನೀರಿಗೆ, ಮತ್ತೆ ಮೊದಲಿನಿಂದ. ಟೇಪ್‌ಔಟ್ ಹತ್ತಿರ ಬಂತೆಂದರೆ ಮಾರತ್ತಹಳ್ಳಿ, ಬೆಳ್ಳಂದೂರಿನ ಎಷ್ಟೋ ಮನೆಗಳಲ್ಲಿ ಊರಿನ ಜಾತ್ರೆಗೆ ಹೋಗುವ ಮಾತು ಎತ್ತುವಂತಿಲ್ಲ.

ಈ ಏರ್ಪಾಟಿನಲ್ಲಿ ಬೆಂಗಳೂರಿನ ಎಂಜಿನಿಯರಿಗೆ ಗಿರಾಕಿಯ ಚಿಂತೆಯೇ ಇಲ್ಲ, ಮಾರುವ ಭಾರ ಅಮೆರಿಕದ ಡಲ್ಲಾಸ್‌ನಲ್ಲೋ ಸಾಂಟಾ ಕ್ಲಾರಾದಲ್ಲೋ ಇರುವ ಕೇಂದ್ರ ಕಚೇರಿಯದು. ಅದಕ್ಕೇ ಈ ಉದ್ಯಮ ಇಷ್ಟು ಬೇಗ ಬೆಳೆಯಿತು. ಇಂಟೆಲ್‌ನ ಆರು ಕೋರ್‌ಗಳ ಕ್ಸಿಯಾನ್ ಪ್ರೊಸೆಸರ್, ಒಳಹೆಸರು ‘ಡನಿಂಗ್ಟನ್’, ಬೆಂಗಳೂರಿನಲ್ಲಿ ವಿನ್ಯಾಸಗೊಂಡು 2008ರಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿದ್ದದ್ದು 190 ಕೋಟಿ ಟ್ರಾನ್ಸಿಸ್ಟರ್. ಎಎಂಡಿ 2023ರಲ್ಲಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದದ್ದು ಇಲ್ಲೇ. ಜಗತ್ತಿನ ಚಿಪ್ ವಿನ್ಯಾಸ ಎಂಜಿನಿಯರುಗಳಲ್ಲಿ ಐವರಲ್ಲೊಬ್ಬರು ಭಾರತದವರು ಎಂದು ಕೇಂದ್ರ ಸರ್ಕಾರ ಹೇಳುತ್ತಲೇ ಇರುತ್ತದೆ. ಅಭಿಮಾನ ಪಡಬೇಕಾದ ಸಂಗತಿಯೇ. ಆದರೆ ಆ ಚಿಪ್‌ಗಳ ಮೇಲಿನ ಹೆಸರು, ಪೇಟೆಂಟು, ಲಾಭ ಬೇರೆಯವರದು.

ನಮ್ಮದೇ ಚಿಪ್ ಮಾಡೋಣವೆಂದು ಹೊರಟವರಿಲ್ಲದಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಭಾರತದ ಮುಖ್ಯಸ್ಥರಾಗಿದ್ದ ಶ್ರೀನಿ ರಾಜಂ 2001ರಲ್ಲಿ ಹೊರಬಂದು ಇತ್ತಿಯಮ್ ಕಟ್ಟಿದರು. ಸಾಂಖ್ಯ ಲ್ಯಾಬ್ಸ್ ಸಾಫ್ಟ್‌ವೇರ್‌ನಿಂದ ರೂಪ ಬದಲಿಸಬಲ್ಲ ರೇಡಿಯೊ ಚಿಪ್ ಮಾಡಿತು, 2022ರಲ್ಲಿ ಅದನ್ನು ಟಾಟಾ ಬಳಗದ ತೇಜಸ್ ನೆಟ್‌ವರ್ಕ್ಸ್ ಕೊಂಡಿತು. 2019ರಲ್ಲಿ ಸಿಗ್ನಲ್‌ಚಿಪ್ ಎಂಬ ಬೆಂಗಳೂರಿನ ಪುಟ್ಟ ಕಂಪನಿ 4ಜಿ, 5ಜಿ ಮೋಡೆಮ್ ಚಿಪ್‌ಗಳನ್ನು ಹೊರತಂದು ಆ ಸರಣಿಗೆ ‘ಆಗುಂಬೆ’ ಎಂದು ಹೆಸರಿಟ್ಟಿತು. ಇಂಥ ಮೋಡೆಮ್ ಮಾಡಬಲ್ಲ ಕಂಪನಿಗಳು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ದೆಹಲಿಯಲ್ಲಿ ಅಧಿಕಾರಿಗಳು ಹೊಗಳಿದರು, ಪತ್ರಿಕೆಗಳು ಬರೆದವು. ಈಗ ಮಾರುಕಟ್ಟೆಯಲ್ಲಿ ಆಗುಂಬೆಯನ್ನು ಹುಡುಕಿ ನೋಡಿ.

ಪ್ರೋತ್ಸಾಹಕ್ಕೆ ಬರವಿಲ್ಲ. ಕರ್ನಾಟಕ 2010ರಲ್ಲೇ ಸೆಮಿಕಂಡಕ್ಟರ್ ನೀತಿ ತಂದಿತು. ಕೇಂದ್ರ 2021ರಲ್ಲಿ 76,000 ಕೋಟಿ ರೂಪಾಯಿಯ ಯೋಜನೆ ಘೋಷಿಸಿತು. ಅದರ ಒಂದು ಭಾಗ ಚಿಪ್ ವಿನ್ಯಾಸ ಕಂಪನಿಗಳ ಅರ್ಹ ವೆಚ್ಚದ ಅರ್ಧದಷ್ಟನ್ನು, 15 ಕೋಟಿಯವರೆಗೆ, ಭರಿಸಿಕೊಡುವುದಕ್ಕೆ ಮೀಸಲಾಗಿತ್ತು. ಆದರೆ ಇದೆಲ್ಲ ಮಾಡುವವನ ಜೇಬಿಗೆ ಸಲ್ಲುವ ಹಣ. ಕೊಳ್ಳುವವನನ್ನು ತಂದು ನಿಲ್ಲಿಸುವ ಕೆಲಸ ಯಾವ ನೀತಿಯಲ್ಲೂ ಸರಿಯಾಗಿ ಆಗಿಲ್ಲ. ಜಾಲಹಳ್ಳಿಯ ಕಾಲಕ್ಕೆ ಅದು ತಾನಾಗಿಯೇ ಆಗಿತ್ತು.

ನಮ್ಮ ರಾಜಕಾರಣಿಗಳ ಕಣ್ಣಿರುವುದು ಚಿಪ್ ತಯಾರಿಸುವ ಕಾರ್ಖಾನೆಯ, ಅಂದರೆ ಫ್ಯಾಬ್ ಮೇಲೆ. 2022ರ ಮೇ ತಿಂಗಳಲ್ಲಿ ಮೈಸೂರು ಬಳಿಯ ಕೋಚನಹಳ್ಳಿಗೆ ಐಎಸ್‌ಎಂಸಿ ಎಂಬ ಕಂಪನಿಯ 22,900 ಕೋಟಿ ರೂಪಾಯಿಯ ಕಾರ್ಖಾನೆ ಬರುತ್ತದೆಂದು ಒಪ್ಪಂದಕ್ಕೆ ಸಹಿ ಬಿತ್ತು, ಕಾರ್ಖಾನೆ ಬರಲಿಲ್ಲ. ಟಾಟಾದವರ ಫ್ಯಾಬ್ ಗುಜರಾತಿನ ಧೊಲೇರಾ ಪಾಲಾಯಿತು. ಮೈಸೂರಿನದೇ ಕಂಪನಿ ಕೇನ್ಸ್ ಕೂಡ ತನ್ನ ಚಿಪ್ ಪ್ಯಾಕೇಜಿಂಗ್ ಘಟಕವನ್ನು ಗುಜರಾತಿನದೇ ಸಾನಂದ್‌ನಲ್ಲಿ ಕಟ್ಟಲು ಹೊರಟಿತು. ಇದಕ್ಕೆ ಅಷ್ಟೇನೂ ಕೊರಗಬೇಕಿಲ್ಲ ಅನಿಸುತ್ತದೆ ನನಗೆ. ಫ್ಯಾಬ್‌ಗೆ ಒಂದು ಕ್ಷಣವೂ ಕಣ್ಣು ಮಿಟುಕಿಸದ ಕರೆಂಟು ಬೇಕು, ಅತಿ ಶುದ್ಧ ನೀರು ಹೊಳೆಯಂತೆ ಬೇಕು. ಟ್ಯಾಂಕರ್‌ಗೆ ಕಾಯುವ ಬೆಂಗಳೂರು, ಕಾವೇರಿಗಾಗಿ ಕೋರ್ಟು ಹತ್ತುವ ಮಂಡ್ಯ ಎರಡನ್ನೂ ಬಲ್ಲವರು ಗುಜರಾತಿನ ಮೇಲೆ ಹೊಟ್ಟೆಕಿಚ್ಚು ಪಡುವ ಮೊದಲು ಎರಡು ಸಲ ಯೋಚಿಸಬೇಕು.

ರಾಜ್ಯ ಸರ್ಕಾರದ ಕೈಯಲ್ಲೇ ಇರುವ ಕೆಲಸ ಬೇರೆಯಿದೆ. ಎಸ್ಕಾಂಗಳು ಮೀಟರ್ ಕೊಳ್ಳುತ್ತವೆ, ಸಾರಿಗೆ ನಿಗಮಗಳು ಟಿಕೆಟ್ ಯಂತ್ರ ಕೊಳ್ಳುತ್ತವೆ, ಪಾಲಿಕೆಗಳು ಬೀದಿದೀಪದ ನಿಯಂತ್ರಕ ಕೊಳ್ಳುತ್ತವೆ. ಇವುಗಳೊಳಗಿನ ಚಿಪ್‌ಗಳು ಅಂಥ ಅತ್ಯಾಧುನಿಕವೇನಲ್ಲ, ಇಲ್ಲಿನ ಸಣ್ಣ ಕಂಪನಿಗಳ ಅಳವಿಗೆ ನಿಲುಕುವಂಥವೇ. ಟೆಂಡರಿನಲ್ಲಿ ಒಂದು ಪಾಲನ್ನು ಇಲ್ಲಿ ವಿನ್ಯಾಸವಾದ ಚಿಪ್‌ಗೆ ಮೀಸಲಿಡಲು ದೆಹಲಿಯ ದಾರಿ ಕಾಯಬೇಕಿಲ್ಲ. ಮುಂದಿನ ಬಜೆಟ್ಟಿನಲ್ಲಿ ಹೊಸ ಪಾರ್ಕಿಗೆ ಇಷ್ಟು ಎಕರೆ ಎಂಬ ಸಾಲಿನ ಕೆಳಗೆ, ಈ ವರ್ಷ ಇಷ್ಟು ಲಕ್ಷ ಚಿಪ್ ಕೊಳ್ಳುತ್ತೇವೆ ಎಂಬ ಸಾಲನ್ನೂ ಬರೆಯಲಿ.