ಹಳೆ ಜೀಪಿನ ಚಾಸಿಗೆ ಬಿರುಕೇ? ಬರೀ ವೆಲ್ಡಿಂಗ್ ಸಾಲದು

ವ್ಯಾಪಾರಕ್ಕೆಂದು ಪಾಲಕ್ಕಾಡ್ ದಾಟಿ ಕೊಯಮತ್ತೂರಿಗೆ ಹೋಗುವಾಗ, ಸಿಮೆಂಟ್ ಕಾರ್ಖಾನೆಯ ಊರು ಮದುಕ್ಕರೈಯಲ್ಲಿ ನನ್ನ ಹಳೆ ಜೀಪಿನ ಹಿಂಬದಿ ಕಟಕಟ ಅನ್ನತೊಡಗಿತು. ಬಗ್ಗಿ ನೋಡಿದರೆ, ಊರಲ್ಲಿ ಅಗ್ಗಕ್ಕೆ ಮಾಡಿಸಿದ್ದ ವೆಲ್ಡಿಂಗ್ ಪಕ್ಕದಲ್ಲೇ ಹಿಂದಿನ ಕ್ರಾಸ್ ಮೆಂಬರ್ ಮತ್ತೆ ಸೀಳಿತ್ತು.

ಚಾಸಿಯ ಎರಡು ಉದ್ದ ಪಟ್ಟಿಗಳನ್ನು ಹಿಡಿದಿಡುವ ಅಡ್ಡಪಟ್ಟಿ ಇದು. ಟ್ರೇಲರ್ ಎಳೆದರೆ ಆ ಭಾರವೂ ಇದರ ಮೇಲೇ.

ಸರಿಯಾದ ಕ್ರಮ ಹೀಗೆ: ಬ್ಯಾಟರಿ ವಯರ್ ಕಳಚಿ, ಡೀಸೆಲ್ ಟ್ಯಾಂಕ್ ಇಳಿಸಿ. ತುಕ್ಕು ಉಜ್ಜಿ ತೆಗೆದು, ಬಿರುಕಿನ ತುದಿಯಲ್ಲಿ ಸಣ್ಣ ತೂತು ಕೊರೆಸಿ. ಬಿರುಕು ಮುಂದೆ ಓಡದಂತೆ ಅದು ತಡೆಯುತ್ತೆ. ಬಿರುಕನ್ನು ‘ವಿ’ ಆಕಾರಕ್ಕೆ ಗ್ರೈಂಡ್ ಮಾಡಿಸಿ, ವೆಲ್ಡ್ ತುಂಬಿಸಿ, ಮೇಲೆ ಪ್ಲೇಟ್ ಕೂರಿಸಿ. ಕೊನೆಗೆ ತುಕ್ಕು ಹಿಡಿಯದ ಪೇಂಟ್ ಹೊಡೆಸಿ.

ಸುತ್ತಿಗೆಯಿಂದ ತಟ್ಟಿದಾಗ ಕಬ್ಬಿಣ ಪದರಪದರವಾಗಿ ಉದುರಿದರೆ ವೆಲ್ಡಿಂಗ್ ಬೇಡ, ಕ್ರಾಸ್ ಮೆಂಬರನ್ನೇ ಬದಲಿಸಿ. ಹಿಂದಿನ ಸೀಟಲ್ಲಿ ಕೂರೋದು ನಮ್ಮ ಮಕ್ಕಳೇ ಅಲ್ವಾ?