ಓವರ್‌ಟೇಕ್ ಜಗಳ: ಸಿಟ್ಟು ಎರಡೇ ನಿಮಿಷದ್ದು, ಕೇಸು 33 ವರ್ಷದ್ದು!

ಹಾಸನ: ಸಂಜೆ ಆರು ಗಂಟೆ, ಎನ್.ಆರ್. ಸರ್ಕಲ್. ಮುಂದೆ ನಿಂತಿರೋದು ಹಳೇ ಟಿವಿಎಸ್ ಎಕ್ಸೆಲ್, ಹಿಂದೆ ಎರಡು ಮೂಟೆ ಹುಲ್ಲು. ದಾರಿ ಬಿಟ್ಟು ಒಂದು ಸೆಕೆಂಡ್ ಆಗಿಲ್ಲ, ಹಿಂದಿನಿಂದ ಹಾರ್ನ್ ಶುರು. ಹಾರ್ನ್ ಜತೆಗೆ ನಾಲ್ಕು ಬೈಗುಳವೂ ಫ್ರೀ. ಅದೇ ಜಾಗದಲ್ಲಿ ಕಪ್ಪು ಗಾಜಿನ ಫಾರ್ಚೂನರ್ ನಿಂತಿದ್ದರೆ? ಹಿಂದಿನವರಿಗೆಲ್ಲ ಎಲ್ಲಿಲ್ಲದ ತಾಳ್ಮೆ ಬಂದುಬಿಡುತ್ತೆ.

ಇದನ್ನ ಬರೀ ತಮಾಷೆಗೆ ಹೇಳಿದ್ದಲ್ಲ. 1968ರಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು, ಡೂಬ್ ಮತ್ತು ಗ್ರಾಸ್, ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದ್ದಾರೆ. ಕ್ಯಾಲಿಫೋರ್ನಿಯಾದ ಸಿಗ್ನಲ್‌ಗಳಲ್ಲಿ ಒಮ್ಮೆ ದುಬಾರಿ ಹೊಸ ಕಾರು, ಇನ್ನೊಮ್ಮೆ ಹಳೇ ಡಬ್ಬಾ ಕಾರು ತಂದು ನಿಲ್ಲಿಸಿದರು. ಹಸಿರು ದೀಪ ಬಿದ್ದರೂ ಹೊರಡಲಿಲ್ಲ. ಹಿಂದಿನವರು ಎಷ್ಟು ಹೊತ್ತಿಗೆ ಹಾರ್ನ್ ಹೊಡೀತಾರೆ ಅಂತ ಲೆಕ್ಕ ಹಾಕಿದರು. ದುಬಾರಿ ಕಾರಿನ ಹಿಂದೆ ನಿಂತವರಲ್ಲಿ ಹಾರ್ನ್ ಹೊಡೆದವರು ಅರ್ಧದಷ್ಟು ಜನ. ಹಳೇ ಕಾರಿನ ಹಿಂದೆ ಶೇ. 84! ಇಬ್ಬರಂತೂ ಹಾರ್ನ್ ಬಿಟ್ಟು ಸೀದಾ ಹಳೇ ಕಾರಿನ ಬಂಪರ್‌ಗೇ ಗುದ್ದಿದರು.

ಇನ್ನೂ ಮಜಾ ಇರೋದು ಆಮೇಲೆ. ಇದೇ ಪ್ರಶ್ನೆಯನ್ನ ಕಾಲೇಜು ಹುಡುಗರಿಗೆ ಕಾಗದದ ಮೇಲೆ ಕೇಳಿದಾಗ ಅವರು ಹೇಳಿದ್ದು ಉಲ್ಟಾ. ದೊಡ್ಡ ಕಾರಿಗೇ ಮೊದಲು ಹಾರ್ನ್ ಹೊಡೀತೀವಿ ಅಂದರು. ಬಾಯಲ್ಲಿ ಎಲ್ಲರೂ ಹೀರೋಗಳೇ.

'ಸಿಟ್ಟು ತಡೆಯೋಕೆ ಆಗಲಿಲ್ಲ ಸಾರ್' ಅನ್ನೋದು ರಸ್ತೆ ಜಗಳದಲ್ಲಿ ಸ್ಟೇಷನ್ ಮೆಟ್ಟಿಲು ಹತ್ತಿದವರ ಮಾಮೂಲಿ ಮಾತು. ಫಾರ್ಚೂನರ್ ಮುಂದೆ ತಡೆಯೋಕೆ ಆಗುವ ಸಿಟ್ಟು ಎಕ್ಸೆಲ್ ಮುಂದೆ ಯಾಕೆ ತಡೆಯೋಕೆ ಆಗಲ್ಲ? ಎದುರಿಗಿರೋನು ತಿರುಗಿ ಏನು ಮಾಡಬಲ್ಲ ಅನ್ನೋ ಲೆಕ್ಕ ತಲೆಯೊಳಗೆ ಮೊದಲೇ ಮುಗಿದಿರುತ್ತೆ.

ನಡೆಯುವಾಗ 'ಸಾರಿ ಅಣ್ಣ', ಸ್ಟೀರಿಂಗ್ ಹಿಡಿದರೆ 'ಏಯ್'

ಸಂತೆಯಲ್ಲಿ ಭುಜಕ್ಕೆ ಭುಜ ತಾಗಿದರೆ 'ಸಾರಿ ಅಣ್ಣ' ಅಂದು ಇಬ್ಬರೂ ಮುಂದೆ ಹೋಗ್ತಾರೆ. ಮುಖ ಕಾಣುತ್ತೆ, ವಯಸ್ಸು ಕಾಣುತ್ತೆ, ಯಾರ ಮನೆಯವರು ಅಂತಲೂ ಗೊತ್ತಿರುತ್ತೆ. ಗಾಡಿಯಲ್ಲಿ ಹಾಗಲ್ಲ. ಕಾಣೋದು ನಂಬರ್ ಪ್ಲೇಟು ಮತ್ತು ಹಿಂದಿನ ದೀಪ. ಒಳಗಿರೋದು ಆಸ್ಪತ್ರೆಗೆ ಹೊರಟ ಬಾಣಂತಿಯೋ, ಕ್ಲಚ್ ಸರಿಯಾಗಿ ಬಿಡೋಕೆ ಬಾರದ ಹೊಸ ಹುಡುಗನೋ ಗೊತ್ತಾಗಲ್ಲ. ನಾವು ತಪ್ಪು ಮಾಡಿದರೆ 'ಅವಸರ ಇತ್ತು', ಇನ್ನೊಬ್ಬ ಮಾಡಿದರೆ 'ಬೇಕಂತಲೇ ಅಡ್ಡ ಬಂದ' ಅಂತಾಗುತ್ತೆ.

ಸೆಕೆಯೂ ಸೇರಿಕೊಳ್ಳುತ್ತೆ. 1986ರಲ್ಲಿ ಪ್ರಕಟವಾದ, ಅಮೆರಿಕದ ಬಿಸಿಲೂರು ಫೀನಿಕ್ಸ್‌ನ ಇನ್ನೊಂದು ಪರೀಕ್ಷೆಯಲ್ಲಿ ಬಿಸಿಲು ಏರಿದಷ್ಟೂ ಹಾರ್ನ್ ಏರಿತ್ತು. ಅದರಲ್ಲೂ ಕಿಟಕಿ ಗಾಜು ಇಳಿಸಿಕೊಂಡು ಬಂದವರದ್ದೇ ಜಾಸ್ತಿ. ಏಪ್ರಿಲ್ ಬಿಸಿಲಲ್ಲಿ ಹೆಲ್ಮೆಟ್ ಒಳಗೆ ಬೆವೆತವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಸ್ಟಿಕ್ಕರ್ ವಿಷಯ ಕೇಳಿದರೆ ನಮ್ಮ ಆಟೋ, ಪಿಕಪ್‌ನವರು ಬೇಜಾರಾಗಬಹುದು. ಕೊಲರಾಡೋ ಸ್ಟೇಟ್ ಯೂನಿವರ್ಸಿಟಿಯವರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಗಾಡಿಗೆ ಸ್ಟಿಕ್ಕರ್, ಅಲಂಕಾರ ಜಾಸ್ತಿ ಮಾಡಿಕೊಂಡವರು ರಸ್ತೆಯಲ್ಲಿ ಸಿಟ್ಟು ತೋರಿಸೋದೂ ಜಾಸ್ತಿ. ಸ್ಟಿಕ್ಕರ್ ಮೇಲೆ ಏನು ಬರೆದಿದೆ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ, ಶಾಂತಿ ಮಂತ್ರ ಇದ್ದರೂ ಅಷ್ಟೇ. ಗಾಡಿಯನ್ನ 'ನನ್ನ ಜಾಗ' ಅಂದುಕೊಂಡವರು ಅದರ ಮುಂದಿನ ರಸ್ತೆಯನ್ನೂ ಹಾಗೇ ಅಂದುಕೊಳ್ತಾರೆ ಅನ್ನೋದು ಅವರ ವಿವರಣೆ.

ಪಟಿಯಾಲದ ಆ ಮಧ್ಯಾಹ್ನ

'ರೋಡ್ ರೇಜ್' ಅನ್ನೋ ಪದ ಹುಟ್ಟಿದ್ದು 1987-88ರಲ್ಲಿ. ಲಾಸ್ ಏಂಜಲೀಸ್ ಹೆದ್ದಾರಿಗಳಲ್ಲಿ ಸಾಲುಸಾಲಾಗಿ ಗುಂಡು ಹಾರಿದಾಗ ಅಲ್ಲಿನ ಟಿವಿ ಸುದ್ದಿಯವರು ಇಟ್ಟ ಹೆಸರಿದು. ಆ ಪದ ಇಲ್ಲಿಗೆ ಬರೋ ಮೊದಲೇ, 1988ರ ಡಿಸೆಂಬರ್ 27ರಂದು, ಪಂಜಾಬ್‌ನ ಪಟಿಯಾಲದಲ್ಲಿ ದೇಶದ ಅತಿ ಹೆಸರಾದ ರಸ್ತೆ ಜಗಳ ನಡೆದುಹೋಗಿತ್ತು.

ಗುರ್ನಾಮ್ ಸಿಂಗ್ ಅನ್ನೋ 65 ವರ್ಷದ ಹಿರಿಯರು ಬ್ಯಾಂಕಿಗೆ ಅಂತ ಮಾರುತಿ ಕಾರಿನಲ್ಲಿ ಹೊರಟಿದ್ದರು. ಪೊಲೀಸರ ಪ್ರಕಾರ, ಶೇರಾಂವಾಲಾ ಗೇಟ್ ಹತ್ತಿರ ರಸ್ತೆ ಮಧ್ಯೆ ಒಂದು ಜಿಪ್ಸಿ ನಿಂತಿತ್ತು. 'ಗಾಡಿ ಸರಿಸಿ' ಅಂದಿದ್ದಕ್ಕೆ ಮಾತಿಗೆ ಮಾತು ಬೆಳೆದು ಏಟು ಬಿತ್ತು. ಹಿರಿಯರು ತೀರಿಕೊಂಡರು. ಜಿಪ್ಸಿಯಲ್ಲಿದ್ದವರು ಆಗಿನ ಕ್ರಿಕೆಟಿಗ ನವಜೋತ್ ಸಿಂಗ್ ಸಿಧು ಮತ್ತು ಅವರ ಗೆಳೆಯ.

ಮುಂದಿನದ್ದು ಓದಿ. 1999ರಲ್ಲಿ ಸೆಷನ್ಸ್ ಕೋರ್ಟ್ ಇಬ್ಬರನ್ನೂ ಖುಲಾಸೆ ಮಾಡಿತು. 2006ರಲ್ಲಿ ಹೈಕೋರ್ಟ್ ಅದನ್ನ ತಿರುಗಿಸಿ, ಕೊಲೆಯಲ್ಲದ ನರಹತ್ಯೆ ಅಂತ ಮೂರು ವರ್ಷ ಜೈಲು ಹಾಕಿತು. ಸುಪ್ರೀಂ ಕೋರ್ಟ್‌ಗೆ ಹೋಯಿತು. 2018ರಲ್ಲಿ ಸುಪ್ರೀಂ ಕೋರ್ಟ್ ನರಹತ್ಯೆ ಆರೋಪ ಕೈಬಿಟ್ಟು, ಹೊಡೆದು ಗಾಯ ಮಾಡಿದ್ದಕ್ಕೆ ಸಿಧುಗೆ ಒಂದು ಸಾವಿರ ರೂಪಾಯಿ ದಂಡ ಹಾಕಿತು, ಗೆಳೆಯನನ್ನ ಬಿಟ್ಟಿತು. ಒಂದು ಸಾವಿರ! ಸತ್ತವರ ಕುಟುಂಬ ಬಿಡಲಿಲ್ಲ, ಮರುಪರಿಶೀಲನೆ ಕೇಳಿತು. 2022ರ ಮೇ 19ರಂದು ಅದೇ ಸುಪ್ರೀಂ ಕೋರ್ಟ್ ಒಂದು ವರ್ಷ ಕಠಿಣ ಶಿಕ್ಷೆ ಕೊಟ್ಟಿತು. ಆ ಸೆಕ್ಷನ್‌ನಲ್ಲಿ ಕೊಡಬಹುದಾದ ಗರಿಷ್ಠ ಜೈಲು ಅಷ್ಟೇ. ಬಾಕ್ಸರ್, ಪೈಲ್ವಾನ್, ಕ್ರಿಕೆಟಿಗನಂಥ ಗಟ್ಟಿ ಆಳು ಹೊಡೆದರೆ ಬರಿಗೈಯೂ ಆಯುಧವೇ ಅನ್ನೋ ಅರ್ಥದ ಮಾತನ್ನ ತೀರ್ಪಿನಲ್ಲಿ ಬರೆದರು. ಜಗಳವಾದಾಗ 25 ವರ್ಷ ಇದ್ದ ಸಿಧು ಜೈಲಿಗೆ ಹೋಗುವಾಗ 58. ಹೊರಗೆ ಬಂದಿದ್ದು 2023ರ ಏಪ್ರಿಲ್ 1ಕ್ಕೆ.

ಅವರು ಹೆಸರು, ದುಡ್ಡು ಎರಡೂ ಇದ್ದವರು. ದೊಡ್ಡ ವಕೀಲರನ್ನ ಇಟ್ಟುಕೊಂಡು 33 ವರ್ಷ ಕೇಸು ನಡೆಸಿದರು. ಬಾಡಿಗೆ ಟೆಂಪೋ ಓಡಿಸೋನಿಗೆ ತಿಂಗಳಿಗೆರಡು ಸಲ ಕೋರ್ಟಿಗೆ ಅಲೆದರೆ ಗಾಡಿ ಕಂತು ಕಟ್ಟೋಕೂ ದುಡ್ಡು ಉಳಿಯಲ್ಲ.

ಸ್ಟೇಷನ್‌ನಲ್ಲಿ 'ರಾಜಿ ಮಾಡ್ಕೊಳ್ಳಿ' ಅನ್ನೋದು ಯಾಕೆ?

ನಮ್ಮಲ್ಲಿ ರೋಡ್ ರೇಜ್ ಅಂತಲೇ ಬೇರೆ ಸೆಕ್ಷನ್ ಇಲ್ಲ. ನಡೆದ ಒಂದೊಂದು ಕೆಲಸಕ್ಕೂ ಒಂದೊಂದು ಸೆಕ್ಷನ್ ಬೀಳುತ್ತೆ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿರೋದರಿಂದ ನಂಬರ್‌ಗಳೂ ಬದಲಾಗಿವೆ.

ಕೈಯಲ್ಲಿ ಹೊಡೆದು ಸಣ್ಣಪುಟ್ಟ ಗಾಯ ಆದರೆ 115(2): ಒಂದು ವರ್ಷದವರೆಗೆ ಜೈಲು ಅಥವಾ 10 ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಇದು ಒಂದೇ ಆದರೆ ಅಸಂಜ್ಞೇಯ ಅಪರಾಧ. ಅಂದ್ರೆ ಮ್ಯಾಜಿಸ್ಟ್ರೇಟ್ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡೋ ಹಾಗಿಲ್ಲ. 'ಎನ್‌ಸಿ ಮಾಡ್ಕೊಡ್ತೀವಿ, ಇಲ್ಲಾಂದ್ರೆ ರಾಜಿ ಮಾಡ್ಕೊಳ್ಳಿ' ಅನ್ನೋ ಮಾತು ಬರೋದು ಇಲ್ಲಿಂದಲೇ.

ಆದರೆ ಗಾಡಿ ಅಡ್ಡ ಹಾಕಿ ನಿಲ್ಲಿಸಿ ಹೊಡೆದಿದ್ದರೆ ಕಥೆ ಬೇರೆ. ಅಕ್ರಮವಾಗಿ ತಡೆಯೋದು 126(2). ಶಿಕ್ಷೆ ಬರೀ ಒಂದು ತಿಂಗಳವರೆಗೆ, ಆದರೂ ಅದು ಸಂಜ್ಞೇಯ. ಎರಡು ಅಪರಾಧದಲ್ಲಿ ಒಂದು ಸಂಜ್ಞೇಯ ಆದರೂ ಇಡೀ ಪ್ರಕರಣ ಸಂಜ್ಞೇಯ ಅಂತಲೇ ಲೆಕ್ಕ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 174ನೇ ಸೆಕ್ಷನ್ ಇದನ್ನ ಸ್ಪಷ್ಟವಾಗಿ ಹೇಳುತ್ತೆ. ಹಾಗಾಗಿ ದೂರು ಬರೆಯುವಾಗ ಬರೀ 'ಹೊಡೆದರು' ಅಂತ ಬರೆದು ಸುಮ್ಮನಾಗೋದಲ್ಲ. ಅಡ್ಡ ಹಾಕಿದ್ದು ನಿಜವಾಗಿದ್ದರೆ ಎಲ್ಲಿ, ಯಾವ ಗಾಡಿಯಲ್ಲಿ, ಹೇಗೆ ಅಂತ ಬರೆಯಲೇಬೇಕು. ಬಹಳ ಜನ ಇದನ್ನೇ ಬಿಟ್ಟುಬಿಡ್ತಾರೆ.

ಹೊಡೆಯುವವರಿಗೂ ಒಂದು ಮಾತು ಗೊತ್ತಿರಲಿ. ಒಂದು ಹಲ್ಲು ಮುರಿದರೂ ಕಾನೂನಿನಲ್ಲಿ ಅದು 'ತೀವ್ರ ಗಾಯ'. ಬೇಕಂತ ಮಾಡಿದ್ದಾದರೆ 117(2), ಏಳು ವರ್ಷದವರೆಗೆ ಜೈಲು. 'ಕೊಂದುಹಾಕ್ತೀನಿ' ಅಂತ ಹೆದರಿಸಿದರೆ 351(3), ಅದಕ್ಕೂ ಏಳು ವರ್ಷದವರೆಗೆ ಇದೆ. ಕೊಲ್ಲುವ ಉದ್ದೇಶದಿಂದಲೇ ಗಾಡಿ ಗುದ್ದಿಸಿದ್ದು ಅಂತಾದರೆ ಕೊಲೆ ಯತ್ನ, ಸೆಕ್ಷನ್ 109.

ಆ ಹೊತ್ತಿನಲ್ಲಿ ಏನು ಮಾಡೋದು?

ಗಾಜು ಇಳಿಸಬೇಡಿ, ಗಾಡಿಯಿಂದ ಇಳಿಯಬೇಡಿ, ಬೈಕಿನವರಾದರೆ ಅಂಗಡಿ, ಪೆಟ್ರೋಲ್ ಬಂಕ್‌ನಂಥ ಜನ ಇರೋ ಕಡೆ ನಿಲ್ಲಿಸಿ 112ಕ್ಕೆ ಕರೆ ಮಾಡಿ. ಯಾರಾದರೂ ಹಿಂಬಾಲಿಸಿಕೊಂಡು ಬರ್ತಿದ್ದರೆ ಮನೆ ಕಡೆ ತಿರುಗಬೇಡಿ, ಸ್ಟೇಷನ್ ಕಡೆ ತಿರುಗಿ. ಯಾರಿಗಾದರೂ ಗಾಯ ಆಗಿದ್ದರೆ ಮಾತ್ರ ಬಿಟ್ಟು ಹೋಗೋ ಹಾಗಿಲ್ಲ. ತಪ್ಪು ಯಾರದ್ದೇ ಇರಲಿ, ಚಿಕಿತ್ಸೆಗೆ ವ್ಯವಸ್ಥೆ ಮಾಡೋದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 134ರ ಪ್ರಕಾರ ಚಾಲಕನ ಜವಾಬ್ದಾರಿ. ಜನ ಸೇರಿ ಹೊಡೆಯೋ ಹಾಗಿದ್ದರೆ ಅದಕ್ಕೂ ಕಾಯ್ದೆಯಲ್ಲಿ ವಿನಾಯಿತಿ ಇದೆ, ಆದರೆ ಪೊಲೀಸರಿಗೆ ಆದಷ್ಟು ಬೇಗ ತಿಳಿಸಬೇಕು.

ಡ್ಯಾಶ್‌ಕ್ಯಾಮ್ ಅಥವಾ ಮೊಬೈಲ್ ವಿಡಿಯೋ ಇದ್ದರೆ ಸ್ಟೇಟಸ್‌ಗೆ ಹಾಕೋ ಮೊದಲು ಮೂಲ ಫೈಲ್ ಹಾಗೇ ಉಳಿಸಿಕೊಳ್ಳಿ. ವಿಡಿಯೋ ಸಾಕ್ಷ್ಯ ಕೋರ್ಟಿಗೆ ಹೋಗಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು. ನಾಲ್ಕು ಗ್ರೂಪ್ ಸುತ್ತಿ, ಹಾಡು ಸೇರಿಸಿ, ಕಟ್ ಆಗಿ ಬಂದ ಕ್ಲಿಪ್‌ಗೆ ಆ ಪತ್ರ ಕೊಡೋರು ಯಾರೂ ಸಿಗಲ್ಲ.